ಮೂರು ಲೀಟರ್ ಆಯಿಲಿನ ಲೆಕ್ಕ

ಜಹೀರಾಬಾದಿನ ನಮ್ಮ ಅಂಗಳದಲ್ಲಿ ಸಣ್ಣ ಪೆಟ್ರೋಲ್ ಕಾರಿನ ಇಂಜಿನ್ ಆಯಿಲನ್ನು ನಾನೇ ಬದಲಿಸುತ್ತೇನೆ. ಕೂಲಿಯಲ್ಲಿ ಉಳಿಯುವುದು ಕೆಲವು ನೂರು ರೂಪಾಯಿ ಮಾತ್ರ. ಆಯಿಲು, ಫಿಲ್ಟರು, ಚೇಂಬರ್ ನಟ್ಟಿನ ವಾಷರಿಗೆ ಎಲ್ಲಿ ಹೋದರೂ ದುಡ್ಡು ಕೊಡಲೇಬೇಕು. ದೊಡ್ಡ ಉಳಿತಾಯವಿರುವುದು ಗ್ಯಾರೇಜಿನ ಬಿಲ್ಲಿನ ಕೊನೆಯ ಸಾಲುಗಳಲ್ಲಿ. ಇಂಜಿನ್ ಫ್ಲಶ್, ಆಯಿಲಿಗೆ ಬೆರೆಸುವ ಬಾಟಲಿ ಮುಂತಾದವನ್ನು ಕಾರಿನ ಜೊತೆ ಬಂದ ಪುಸ್ತಕ ಕೇಳಿಯೇ ಇಲ್ಲ. ನಾನು ಹಾಕುವುದೂ ಇಲ್ಲ.

ನಮ್ಮೂರಲ್ಲಿ ಮಹೀಂದ್ರಾ ಟ್ರ್ಯಾಕ್ಟರ್ ಕಾರ್ಖಾನೆಯೇ ಇದೆ. ಸುತ್ತಲಿನ ಕಬ್ಬು, ಶುಂಠಿ ಬೆಳೆಯುವವರ ಮನೆಗಳಲ್ಲಿ 15ಡಬ್ಲ್ಯೂ-40 ಎಂಬ ದಪ್ಪ ಆಯಿಲಿನ ಬಕೆಟ್ ಸಾಮಾನ್ಯ. ನಾರಾಯಣಖೇಡದ ಮಾಮಾರ ಮಗ ಒಮ್ಮೆ, "ಅಣ್ಣ, ಟ್ರ್ಯಾಕ್ಟರಿಂದು ಮೂರು ಲೀಟರ್ ಉಳದದ, ಅದನ್ನೇ ಹಾಕ್ರಿ" ಅಂದ. ಪ್ರೀತಿಯಿಂದ ಅಂದದ್ದೇ. ಆದರೆ ನನ್ನ ಕಾರಿನ ಪುಸ್ತಕ ಹೇಳುವುದು ತೆಳು ಆಯಿಲು, 0ಡಬ್ಲ್ಯೂ-20. ಆ ಕಾರಿಗೆ ದಪ್ಪ ಆಯಿಲು ಹಾಕಿದರೆ ಮೈಲೇಜ್ ಇಳಿಯುತ್ತದೆ. ಚಳಿಗಾಲದ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಆ ಆಯಿಲು ಇಂಜಿನ್ನಿನ ಮೇಲ್ಭಾಗಕ್ಕೆ ಬೇಗ ಏರುವುದಿಲ್ಲ. ಪುಕ್ಕಟೆ ಸಿಕ್ಕ ಆಯಿಲಿನ ಬೆಲೆಯನ್ನು ವರ್ಷವಿಡೀ ಪೆಟ್ರೋಲ್ ಬಂಕಿನಲ್ಲಿ ಕಟ್ಟಬೇಕು.

ಟ್ರ್ಯಾಕ್ಟರಿನವರಿಂದ ಕಲಿಯಬೇಕಾದದ್ದು ಬೇರೆಯಿದೆ. ಅವರು ದುಡಿದ ಗಂಟೆ ನೋಡಿ ಆಯಿಲು ಬದಲಿಸುತ್ತಾರೆ. ಕಾರಿಗೂ ದುಡಿಮೆಯೇ ಲೆಕ್ಕ. ಪುಸ್ತಕದಲ್ಲಿ 10,000 ಕಿ.ಮೀ. ಅಥವಾ ಒಂದು ವರ್ಷ ಎಂದಿದೆ, ಅದೇ ಪುಸ್ತಕ ಧೂಳಿನ ದಾರಿಗೆ ಕಡಿಮೆ ಗಡುವನ್ನೂ ಕೊಟ್ಟಿದೆ. ಹೆದ್ದಾರಿ 65ರಲ್ಲಿ ಹೈದರಾಬಾದಿಗೆ ಓಡುವ ನನ್ನ ಕಾರಿಗೆ ಪೂರ್ತಿ ಗಡುವು ಸಾಕು. ಬೇಗ ಬದಲಿಸಿದರೆ ಒಳ್ಳೆಯ ಆಯಿಲೇ ವ್ಯರ್ಥ. ತಾಂಡೂರಿನಲ್ಲಿರುವ ಭಾವನ ಕಾರು ದಿನಾ ಕಲ್ಲುಗಣಿ, ಪಾಲಿಶ್ ಘಟಕ, ಸಿಮೆಂಟ್ ಲಾರಿಗಳ ಧೂಳಿನಲ್ಲಿ ಓಡುತ್ತದೆ. ಅವರು ಮೊದಲೇ ಬದಲಿಸಬೇಕು.

ವಾರಂಟಿ ಇರುವ ತನಕ ಕಂಪನಿಯ ವರ್ಕ್‌ಶಾಪೇ ಸರಿ. ಮೊದಲ ಸರ್ವಿಸ್‌ಗಳಿಗೆ ಸಾಮಾನ್ಯವಾಗಿ ಕೂಲಿಯೂ ಇರುವುದಿಲ್ಲ. ಆಮೇಲೂ ಗಟ್ಟಿ ಸ್ಟ್ಯಾಂಡ್ ಕೊಳ್ಳದೆ ಈ ಕೆಲಸಕ್ಕೆ ಇಳಿಯಬೇಡಿ. ಬರೀ ಜಾಕ್ ಮೇಲೆ ನಿಂತ ಕಾರಿನಡಿ ಯಾರೂ ಮಲಗಬಾರದು.

ಸುಟ್ಟ ಆಯಿಲನ್ನು ತೊಗರಿ ಹೊಲದ ಬದುವಿಗೆ ಸುರಿಯುವವರನ್ನು ಕಂಡಾಗ ಸಂಕಟವಾಗುತ್ತದೆ. ಕಾನೂನಿನಲ್ಲಿ ಅದು ಅಪಾಯಕಾರಿ ತ್ಯಾಜ್ಯ. 2024ರ ಏಪ್ರಿಲ್ 1ರಿಂದ ಅದರ ಮರುಸಂಸ್ಕರಣೆಯ ಹೊಣೆ ಆಯಿಲ್ ತಯಾರಕರ ಮೇಲೂ ಇದೆ. ನೀರು ಸೇರದಂತೆ ಖಾಲಿ ಕ್ಯಾನಿಗೆ ತುಂಬಿ, ಬ್ಯಾರೆಲ್ ಇಟ್ಟಿರುವ ಗ್ಯಾರೇಜಿಗೆ ಕೊಟ್ಟುಬರುತ್ತೇನೆ. ಅದಕ್ಕೆ ಅವರು ದುಡ್ಡು ಕೊಡುವುದಿಲ್ಲ, ನಾನು ಕೇಳುವುದೂ ಇಲ್ಲ.