ನಾಲ್ಕನೆಯವರಿಗೂ ಆಟ ಸಿಗಬೇಕು

ಮಕ್ಕಳೇ, ನಿಮ್ಮಲ್ಲಿ ಕೆಲವರು ನೋಯ್ಡಾದ ಸಾಫ್ಟ್‌ವೇರ್ ಕಂಪನಿಗಳಲ್ಲಿದ್ದೀರಿ, ಕೆಲವರು ಗುರುಗ್ರಾಮದಲ್ಲಿ ಪೀಜಿಯಲ್ಲಿದ್ದೀರಿ, ಒಬ್ಬಿಬ್ಬರು ದೆಹಲಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದೀರಿ. ವಾರವೆಲ್ಲ ಮೆಟ್ರೋದಲ್ಲಿ ನಿಂತು ಓಡಾಡಿ, ಭಾನುವಾರ ದ್ವಾರಕಾದ ನಮ್ಮ ಸೊಸೈಟಿಯ ಕ್ಲಬ್‌ಹೌಸಿನಲ್ಲಿ ಮೇಜಿನ ಸುತ್ತ ಸೇರಿ ‘ಮ್ಯಾಜಿಕ್: ದ ಗ್ಯಾದರಿಂಗ್’ ಆಡುತ್ತೀರಿ. ನಾಲ್ಕು ಕನ್ನಡದ ಮಾತು ಕಿವಿಗೆ ಬೀಳಲಿ ಎಂದು ನಾನೂ ಬಂದು ಕೂರುತ್ತೇನೆ. ಆಟದ ನಡುವೆ ನಿಮ್ಮಿಂದ ಪದೇ ಪದೇ ಕೇಳುವ ದೂರು ಒಂದೇ: “ದುಡ್ಡು ಕೊಟ್ಟು ತಂದ ಕಾರ್ಡನ್ನು ಆಡಬೇಡಿ ಅನ್ನೋಕೆ ಅವರ್ಯಾರು?” ನ್ಯಾಯವಾದ ಪ್ರಶ್ನೆ. ಅದಕ್ಕೆ ನನಗೆ ತಿಳಿದಷ್ಟು ಉತ್ತರ ಹೇಳುತ್ತೇನೆ. ಕೇಳಿಸಿಕೊಳ್ಳಿ, ಆಮೇಲೆ ನಿಮ್ಮ ವಿವೇಚನೆಗೆ ಬಿಟ್ಟಿದ್ದು.

ನಮ್ಮ ಕಾಲದಲ್ಲಿ ಆಡುತ್ತಿದ್ದ ಇಸ್ಪೀಟಿನಲ್ಲಿ ಯಾವ ಎಲೆಗೂ ನಿಷೇಧ ಇರಲಿಲ್ಲ, ಏಕೆ? ಎಲ್ಲರ ನಡುವೆ ಇದ್ದದ್ದು ಒಂದೇ ಕಟ್ಟು, 52 ಎಲೆ. ಕಲೆಸಿ ಹಂಚಿದ ಮೇಲೆ ಎಕ್ಕ ಇವತ್ತು ನಿನಗೆ, ನಾಳೆ ನನಗೆ. ಮೈಸೂರಿನ ಗಂಜೀಫಾ ಕೂಡ ಹಾಗೆಯೇ. ಮುಮ್ಮಡಿ ಕೃಷ್ಣರಾಜ ಒಡೆಯರು ಅರಮನೆಯಲ್ಲಿ ಬಗೆಬಗೆಯ ಗಂಜೀಫಾ ಆಟಗಳನ್ನು ಬೆಳೆಸಿದವರು. ದಶಾವತಾರ ಗಂಜೀಫಾದ 120 ಎಲೆಗಳಲ್ಲಿ ಹಗಲಾದರೆ ರಾಮನ ಎಲೆ ಬಂದವರು, ರಾತ್ರಿಯಾದರೆ ಕೃಷ್ಣನ ಎಲೆ ಬಂದವರು ಆಟ ಶುರು ಮಾಡಬೇಕು. ಮೊದಲ ಹಕ್ಕು ಯಾರದು ಎಂಬುದನ್ನು ಆಕಾಶದ ಬೆಳಕೂ ಕೈಗೆ ಬಂದ ಎಲೆಯೂ ಸೇರಿ ತೀರ್ಮಾನಿಸುತ್ತಿದ್ದವು. ಆಡುವವರ ಜೇಬಿಗೆ ಅಲ್ಲಿ ಕೆಲಸವಿರಲಿಲ್ಲ.

ನಿಮ್ಮ ಆಟದಲ್ಲಿ ಒಬ್ಬೊಬ್ಬರೂ ತಮ್ಮ ಡೆಕ್ಕನ್ನು ಮನೆಯಲ್ಲೇ ಕಟ್ಟಿಕೊಂಡು ಬರುತ್ತೀರಿ. ಸಾವಿರಾರು ಕಾರ್ಡುಗಳಲ್ಲಿ ಯಾವುದನ್ನು ಬೇಕಾದರೂ ಆರಿಸಬಹುದು. ಆಟದ ಅರ್ಧ ಸೊಗಸು ಇರುವುದೇ ಆ ಆಯ್ಕೆಯಲ್ಲಿ. ತೊಂದರೆಯ ಬೇರೂ ಅಲ್ಲೇ ಇದೆ. ಹಂಚುವ ಕೈ ಇಲ್ಲದ ಆಟದಲ್ಲಿ ಸಮ ಮಾಡುವವರೂ ಇಲ್ಲ. ಅತಿ ಬಲದ ಕಾರ್ಡು ಇರುವವರು ಪ್ರತಿ ವಾರವೂ ಅದನ್ನೇ ತರುತ್ತಾರೆ, ಇಲ್ಲದವರು ಪ್ರತಿ ವಾರವೂ ಸೋಲುತ್ತಾರೆ. ಜೇಬಿಗೂ ಆಟಕ್ಕೂ ನಡುವೆ ಒಂದು ಬೇಲಿ ಬೇಕಾಗುತ್ತದೆ. ನಿಷೇಧದ ಪಟ್ಟಿ ಆ ಬೇಲಿ.

ಈ ಬೇಲಿ ಹೇಗೆ ಬೆಳೆಯಿತು ನೋಡಿ. ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ 1993ರಲ್ಲಿ ಈ ಆಟವನ್ನು ಹೊರತಂದಾಗ ಅದರಲ್ಲಿ ಪಣದ ನಿಯಮವೇ ಇತ್ತು. ಆಡುವ ಮೊದಲು ಇಬ್ಬರೂ ತಮ್ಮ ಡೆಕ್ಕಿನಿಂದ ಒಂದೊಂದು ಕಾರ್ಡು ಪಕ್ಕಕ್ಕಿಡಬೇಕು, ಗೆದ್ದವರು ಎರಡನ್ನೂ ಮನೆಗೆ ಒಯ್ಯಬೇಕು. ಈ ಪಣದ ಸುತ್ತ ಹೆಣೆದ ಒಂಬತ್ತು ಕಾರ್ಡುಗಳೂ ಬಂದವು. ಆಟ ಜೂಜಿನ ಕಡೆ ಜಾರುತ್ತಿದೆ ಎಂಬುದು ಬೇಗ ಗೊತ್ತಾಯಿತು. 1995ರ ನಂತರ ಅಂಥ ಕಾರ್ಡು ಅಚ್ಚಾಗಲಿಲ್ಲ, ಅಚ್ಚಾದವು ಸ್ಪರ್ಧೆಗಳಿಂದ ಹೊರಬಿದ್ದವು. ಇದೇ ವಿಚಾರಕ್ಕೆ ನಮ್ಮ ದೆಹಲಿಯ ಸಂಸತ್ತು 2025ರ ಆಗಸ್ಟಿನಲ್ಲಿ ಕಾನೂನು ಮಾಡಿದ್ದನ್ನು ನೀವೇ ಕಂಡಿರಿ. ಹಣ ಹೂಡಿ ಆಡುವ ಆನ್‌ಲೈನ್ ಆಟಗಳೆಲ್ಲ ನಿಂತವು, ಹಣವಿಲ್ಲದ ಆಟಕ್ಕೂ ಇ-ಸ್ಪೋರ್ಟ್ಸ್‌ಗೂ ಅಡ್ಡಿಯಿಲ್ಲ ಎಂದಿತು ಆ ಕಾನೂನು. ರಮ್ಮಿಯಲ್ಲಿ ಸಂಬಳ ಕಳೆದುಕೊಂಡು ಮನೆಗೆ ಮುಖ ತೋರಿಸಲಾರದ ಹುಡುಗರನ್ನು ಈ ಊರಿನಲ್ಲಿ ನಾನು ಕಂಡಿದ್ದೇನೆ. ಸೋತವರು ಎದ್ದು ಹೋಗುವಾಗ ತಂದದ್ದೆಲ್ಲ ಅವರ ಚೀಲದಲ್ಲಿಯೇ ಇರಬೇಕು. ಇದು ಮೊದಲ ಕಾರಣ.

ಎರಡನೆಯ ಕಾರಣ ಹೊತ್ತು. ‘ಷಹರಾಜಾದ್’ ಎಂಬ ಕಾರ್ಡು ಇದೆ. ಅದನ್ನು ಇಳಿಸಿದರೆ ನಡೆಯುತ್ತಿರುವ ಆಟವನ್ನು ಹಾಗೇ ಬಿಟ್ಟು, ಉಳಿದ ಎಲೆಗಳಿಂದ ಅದರೊಳಗೇ ಇನ್ನೊಂದು ಆಟ ಆಡಬೇಕು. ಒಳಗಿನ ಆಟ ಸೋತವರಿಗೆ ಹೊರಗಿನ ಆಟದಲ್ಲಿ ಅರ್ಧ ಪ್ರಾಣ ಹೋಗುತ್ತದೆ. ಅರೇಬಿಯದ ಸಾವಿರದೊಂದು ರಾತ್ರಿಗಳಲ್ಲಿ ಕಥೆಯೊಳಗೆ ಕಥೆ ಹೇಳಿದ ಆ ಜಾಣೆಯ ಹೆಸರು ಅದಕ್ಕೆ ಚೆನ್ನಾಗಿಯೇ ಒಪ್ಪುತ್ತದೆ. ಆದರೆ ಮೇಜಿನ ಮೇಲೆ ಅದು ಉಳಿದವರ ಸಂಜೆಯನ್ನು ನುಂಗುತ್ತದೆ. ನಿಮ್ಮ ತಮ್ಮ ತಂಗಿಯರು ಆಡುವ ಪೋಕೆಮಾನ್‌ನಲ್ಲೂ 2015ರಲ್ಲಿ ‘ಲೈಸಾಂಡರ್ಸ್ ಟ್ರಂಪ್ ಕಾರ್ಡ್’ ನಿಷೇಧವಾದದ್ದು ಹೆಚ್ಚು ಕಡಿಮೆ ಇದಕ್ಕೇ. ಆಡಿ ಬಿಟ್ಟ ಕಾರ್ಡುಗಳನ್ನೆಲ್ಲ ಅದು ಮತ್ತೆ ಡೆಕ್ಕಿಗೆ ಸೇರಿಸಿಬಿಡುತ್ತಿತ್ತು, ಪಂದ್ಯಕ್ಕೆ ಕೊನೆಯೇ ಕಾಣುತ್ತಿರಲಿಲ್ಲ. ಇನ್ನು ಮ್ಯಾಜಿಕ್‌ನಲ್ಲಿ ‘ಕೇಯಾಸ್ ಆರ್ಬ್’ ಎಂಬುದನ್ನು ಒಂದಡಿ ಎತ್ತರದಿಂದ ಚಿಮ್ಮಿ ಬೀಳಿಸಬೇಕು, ತಿರುವಿ ಬಿದ್ದು ಮುಟ್ಟಿದ ಕಾರ್ಡೆಲ್ಲ ನಾಶ. ಬುದ್ಧಿಯಿಂದ ಆಡಬೇಕಾದ ಆಟದಲ್ಲಿ ಕೈ ನಡುಗುವವರು ಅದಕ್ಕಾಗಿಯೇ ಸೋಲುವುದು ಸರಿಯಲ್ಲವೆಂದು ಅದನ್ನೂ ತೆಗೆದರು.

ಇವು ಇಬ್ಬರಾಡಿದರೂ ಅನ್ವಯಿಸುವ ಮಾತು. ನೀವು ಆಡುವುದು ಮ್ಯಾಜಿಕ್‌ನ ಕಮಾಂಡರ್ ಎಂಬ ಬಗೆ, ನಾಲ್ವರ ಆಟ. ಅಲಾಸ್ಕಾದ ಕೆಲವು ಗೆಳೆಯರು ತಮ್ಮ ಸಂತೋಷಕ್ಕೆಂದು ಶುರು ಮಾಡಿದ್ದು, ಶೆಲ್ಡನ್ ಮೆನರಿ ಎಂಬ ತೀರ್ಪುಗಾರರು ಜಗತ್ತಿಗೆಲ್ಲ ಹಬ್ಬಿಸಿದ್ದು. 2011ರಲ್ಲಿ ಮ್ಯಾಜಿಕ್ ಅಚ್ಚು ಮಾಡುವ ಕಂಪನಿಯೇ ಅದಕ್ಕೆಂದು ಸಿದ್ಧ ಡೆಕ್ಕುಗಳನ್ನು ಮಾರತೊಡಗಿತು. ನೂರು ಕಾರ್ಡು, ಒಬ್ಬೊಬ್ಬರಿಗೆ 40 ಪ್ರಾಣ, ನೆಲದ ಸಾದಾ ಕಾರ್ಡು ಬಿಟ್ಟರೆ ಒಂದೇ ಕಾರ್ಡು ಎರಡು ಸಲ ಇರಬಾರದು. ಇದರ ಲೆಕ್ಕಾಚಾರವೇ ಬೇರೆ. ಇಬ್ಬರಾಡುವಾಗ ಸಾಧುವಾಗಿರುವ ಕಾರ್ಡು ನಾಲ್ವರ ಮೇಜಿನಲ್ಲಿ ವಿಷವಾಗಬಹುದು.

‘ಟ್ರೇಡ್ ಸೀಕ್ರೆಟ್ಸ್’ ಎಂಬುದನ್ನು ತೆಗೆದುಕೊಳ್ಳಿ. ಎದುರಾಳಿ ಎರಡು ಕಾರ್ಡು ಎತ್ತಿಕೊಳ್ಳುತ್ತಾರೆ, ನೀವು ನಾಲ್ಕರವರೆಗೆ ಎತ್ತಿಕೊಳ್ಳುತ್ತೀರಿ. ಇದನ್ನು ಮತ್ತೆ ಮಾಡೋಣವೇ ಎಂಬ ತೀರ್ಮಾನ ಎದುರಾಳಿಯದು. ಇಬ್ಬರೇ ಇದ್ದರೆ ಯಾವ ಬುದ್ಧಿವಂತರೂ ಎರಡನೆಯ ಸಲ ಒಪ್ಪುವುದಿಲ್ಲ, ತಮಗಿಂತ ನಿಮಗೇ ಲಾಭ ಹೆಚ್ಚು. ನಾಲ್ವರಿರುವಾಗ ಇಬ್ಬರು ಕಣ್ಣಲ್ಲೇ ಮಾತಾಡಿಕೊಂಡು ಎತ್ತುತ್ತಲೇ ಹೋಗಬಹುದು. ಕೊನೆಗೆ ಇಬ್ಬರ ಕೈಯಲ್ಲಿ ರಾಶಿ ರಾಶಿ ಕಾರ್ಡು, ಉಳಿದಿಬ್ಬರು ನೋಡುತ್ತ ಕೂರಬೇಕು. ಕಾರ್ಡಿನ ಮೇಲೆ ಬರೆದಿರುವ ಸಾಲು ಅದೇ, ಮೇಜಿನ ಸುತ್ತ ಮಂದಿ ಹೆಚ್ಚಿದಾಗ ಅದರ ಗುಣವೇ ಬದಲಾಯಿತು.

2016ರಲ್ಲಿ ನಿಷೇಧವಾದ ‘ಪ್ರಾಫೆಟ್ ಆಫ್ ಕ್ರುಫಿಕ್ಸ್’ ಇನ್ನೊಂದು ಬಗೆ. ಅದು ಇದ್ದವರು ಬೇರೆಯವರ ಸರದಿಯಲ್ಲೂ ತಮ್ಮ ನೆಲದ ಕಾರ್ಡುಗಳ ಬಲವನ್ನು ಹೊಸದಾಗಿ ಖರ್ಚು ಮಾಡಬಹುದು, ಜೀವಿಗಳನ್ನು ಇಳಿಸಬಹುದು. ಇಬ್ಬರಲ್ಲಿ ಅದು ಎರಡು ಪಟ್ಟು, ನಾಲ್ವರಲ್ಲಿ ನಾಲ್ಕು ಪಟ್ಟು. ಪಂಕ್ತಿಯಲ್ಲಿ ಪ್ರತಿ ಎಲೆಗೆ ಪಾಯಸ ಬಡಿಸುವಾಗಲೂ ಒಬ್ಬರೇ ತಮ್ಮ ಬಟ್ಟಲು ಮುಂದೆ ಹಿಡಿದ ಹಾಗೆ. ‘ಅಯೋನಾ’ ಎಂಬ ದೇವದೂತೆಯ ಕಾರ್ಡು ಒಂದು ಬಣ್ಣದ ಹೆಸರು ಹೇಳಿಸುತ್ತದೆ, ಆಮೇಲೆ ಎದುರಾಳಿಗಳು ಆ ಬಣ್ಣದ ಮಂತ್ರ ಆಡುವಂತಿಲ್ಲ. ಒಂದೇ ಬಣ್ಣದ ಡೆಕ್ಕು ತಂದವರು ಆ ಕ್ಷಣಕ್ಕೆ ಸತ್ತಿರುವುದಿಲ್ಲ, ಆಡುವುದಕ್ಕೂ ಆಗುವುದಿಲ್ಲ. ಉಳಿದ ಮೂವರು ಮುಗಿಸುವವರೆಗೆ ಗಂಟೆಗಟ್ಟಲೆ ಸುಮ್ಮನೆ ಕೂರಬೇಕು. 2019ರಲ್ಲಿ ಅದನ್ನು ತೆಗೆದರು. ಫರೀದಾಬಾದಿನಿಂದ ಎರಡು ಮೆಟ್ರೋ ಬದಲಿಸಿ ಬಂದ ಹುಡುಗಿ ಹೀಗೆ ಕೂತರೆ ಮುಂದಿನ ವಾರ ಬರುತ್ತಾಳೆಯೇ? ಪಟ್ಟಿ ಮಾಡುವವರ ತಲೆಯಲ್ಲಿ ಇದ್ದದ್ದು ಇಂಥವರು.

ಈಗ ನಿಮ್ಮ ಮನಸ್ಸಿಗೆ ಹೆಚ್ಚು ನೋವು ಕೊಟ್ಟ ಘಟನೆಗೆ ಬರುತ್ತೇನೆ. 2024ರ ಸೆಪ್ಟೆಂಬರ್ 23ರಂದು ಕಮಾಂಡರ್ ನಿಯಮ ಸಮಿತಿ ನಾಲ್ಕು ಕಾರ್ಡುಗಳನ್ನು ನಿಷೇಧಿಸಿತು: ‘ಮಾನಾ ಕ್ರಿಪ್ಟ್’, ‘ಜ್ಯುವೆಲ್ಡ್ ಲೋಟಸ್’, ‘ಡಾಕ್‌ಸೈಡ್ ಎಕ್ಸ್‌ಟಾರ್ಷನಿಸ್ಟ್’, ‘ನಾಡು’. ಮೊದಲ ಎರಡು ಪುಕ್ಕಟೆಯಾಗಿ ಇಳಿಯುವ ಕಾರ್ಡುಗಳು. ಉಳಿದವರು ಒಂದು ನೆಲ ಹಾಕಿ ಕೂತಿರುವಾಗ ಅವುಗಳನ್ನು ಹಿಡಿದವರು ಮೂರನೆಯ ನಾಲ್ಕನೆಯ ಸರದಿಯ ಬಲವನ್ನು ಮೊದಲ ಸರದಿಯಲ್ಲೇ ಪಡೆಯುತ್ತಿದ್ದರು. ಆಟ ಕಾವೇರುವ ಮೊದಲೇ ಯಾರು ಗೆಲ್ಲುತ್ತಾರೆಂಬುದು ಗೊತ್ತಾಗುತ್ತಿತ್ತು. ಆದರೆ ಅವು ಒಂದೊಂದೂ ಸಾವಿರಾರು ರೂಪಾಯಿಯ ಕಾರ್ಡುಗಳು. ಒಂದೇ ದಿನದಲ್ಲಿ ಬೆಲೆ ಕುಸಿಯಿತು. ಸಿಟ್ಟು ಬಂದದ್ದು ಸಹಜ. ಅನುಮಾನಗಳನ್ನು ಮೊದಲೇ ಹೇಳಬಹುದಿತ್ತು, ಒಂದೊಂದಾಗಿ ತೆಗೆಯಬಹುದಿತ್ತು ಎಂಬ ವಾದದಲ್ಲಿ ಹುರುಳಿದೆ.

ಆಮೇಲೆ ನಡೆದದ್ದಕ್ಕೆ ಮಾತ್ರ ಯಾವ ಸಮರ್ಥನೆಯೂ ಇಲ್ಲ. ಸಮಿತಿಯವರು ಸಂಬಳಕ್ಕೆ ಕೂತವರಲ್ಲ, ಆಟದ ಮೇಲಿನ ಪ್ರೀತಿಯಿಂದ ಹೊತ್ತು ಕೊಟ್ಟವರು. ಅವರಿಗೆ ಬೆದರಿಕೆಗಳು ಬಂದವು. ಒಂದು ವಾರ ತುಂಬುವಷ್ಟರಲ್ಲಿ, ಸೆಪ್ಟೆಂಬರ್ 30ಕ್ಕೆ, ಆಟದ ಹೊಣೆಯನ್ನು ಕಂಪನಿಯಾದ ವಿಜರ್ಡ್ಸ್ ಆಫ್ ದ ಕೋಸ್ಟ್ ವಹಿಸಿಕೊಂಡಿತು. ಆಡುವವರೇ ಕಟ್ಟಿ ಬೆಳೆಸಿದ ಪಂಚಾಯಿತಿ ಹೀಗೆ ಮುಗಿಯಿತು. ಮಕ್ಕಳೇ, ಇದನ್ನು ಚೆನ್ನಾಗಿ ನೆನಪಿಡಿ. ತೀರ್ಪು ಒಪ್ಪದಿದ್ದರೆ ವಾದಿಸಿ, ಬರೆಯಿರಿ, ನಿಮ್ಮ ಮೇಜಿನಲ್ಲಿ ಬೇರೆ ನಿಯಮ ಮಾಡಿಕೊಳ್ಳಿ. ತೀರ್ಪು ಕೊಟ್ಟವರನ್ನು ಹೆದರಿಸುವ ಮಟ್ಟಕ್ಕೆ ಯಾವ ಕಾಗದದ ತುಂಡೂ ನಮ್ಮನ್ನು ಇಳಿಸಬಾರದು.

ಪಟ್ಟಿ ತಪ್ಪಿಲ್ಲದ್ದು ಎಂದು ನಾನು ಹೇಳುತ್ತಿಲ್ಲ. ‘ಸೋಲ್ ರಿಂಗ್’ ಕೂಡ ಅದೇ ಜಾತಿಯ ವೇಗದ ಕಾರ್ಡು, ಆದರೂ ಉಳಿದಿದೆ. ಅದು ಸಿದ್ಧ ಡೆಕ್ಕುಗಳಲ್ಲೇ ಸಿಗುತ್ತದೆ, ಎಲ್ಲರ ಬಳಿಯೂ ಇದೆ, ಆಟದ ಗುರುತೇ ಆಗಿದೆ. ಇಲ್ಲಿ ತರ್ಕ ಒಂದಿಷ್ಟು ಬಾಗಿದೆ, ರೂಢಿ ಗೆದ್ದಿದೆ. ಮನುಷ್ಯರು ಮಾಡುವ ನಿಯಮ ಹಾಗೆಯೇ ಇರುತ್ತದೆ, ಆದ್ದರಿಂದಲೇ ಅದನ್ನು ಆಗಾಗ ತಿರುಗಿ ನೋಡಬೇಕು. ನಮ್ಮ ಕರ್ನಾಟಕ 2021ರಲ್ಲಿ ಹಣ ಹೂಡಿ ಆಡುವ ಆನ್‌ಲೈನ್ ಆಟಗಳ ಮೇಲೆ ತಂದ ನಿಷೇಧದ ಮುಖ್ಯ ಕಲಮುಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದು ಮಾಡಿತು. ನಿಷೇಧಿಸುವವರೂ ಕಾರಣ ಹೇಳಿ ಒಪ್ಪಿಸಬೇಕು ಎಂಬುದು ಅಲ್ಲಿನ ಪಾಠ. ಕಮಾಂಡರ್‌ನಲ್ಲೂ 2025ರ ಏಪ್ರಿಲ್‌ನಲ್ಲಿ ಐದು ಹಳೆಯ ಕಾರ್ಡುಗಳಿಗೆ ಬಿಡುಗಡೆ ಸಿಕ್ಕಿತು, ‘ಕೊಯಲಿಷನ್ ವಿಕ್ಟರಿ’ ಅದರಲ್ಲೊಂದು. ಅದೇ ವರ್ಷ ಡೆಕ್ಕುಗಳನ್ನು ಬಲಕ್ಕೆ ತಕ್ಕಂತೆ ಐದು ಹಂತಗಳಾಗಿ ವಿಂಗಡಿಸುವ ಪದ್ಧತಿಯೂ ಬಂತು. ಕೆಲವು ಬಲಿಷ್ಠ ಕಾರ್ಡುಗಳನ್ನು ಕೆಳಗಿನ ಎರಡು ಹಂತಗಳಲ್ಲಿ ಬಿಡಬೇಕು, ಮೂರನೆಯದರಲ್ಲಿ ಮೂರರವರೆಗೆ ಇಟ್ಟುಕೊಳ್ಳಬಹುದು, ಮೇಲಿನ ಹಂತಗಳಲ್ಲಿ ಮಿತಿಯಿಲ್ಲ. ನಿಷೇಧಕ್ಕಿಂತ ಇದು ಹಿತವಾದ ದಾರಿ. ಬಲವಂತರು ಬಲವಂತರೊಡನೆ ಆಡಲಿ, ಹೊಸಬರು ಹೊಸಬರೊಡನೆ ಕಲಿಯಲಿ.

ಬಲಕ್ಕೆ ಸಂಬಂಧವೇ ಇಲ್ಲದ ನಿಷೇಧವೊಂದಿದೆ, ಅದನ್ನೂ ನೀವು ತಿಳಿದಿರಬೇಕು. 2020ರ ಜೂನ್‌ನಲ್ಲಿ ಜನಾಂಗದ್ವೇಷದ ಛಾಯೆಯಿರುವ ಏಳು ಹಳೆಯ ಕಾರ್ಡುಗಳನ್ನು ಕಂಪನಿ ಎಲ್ಲ ಸ್ಪರ್ಧೆಗಳಿಂದ ಹೊರಹಾಕಿತು. ಅದರಲ್ಲಿ ‘ಪ್ರದೇಶ್ ಜಿಪ್ಸೀಸ್’ ಎಂಬುದೂ ಒಂದು. ಆಟದಲ್ಲಿ ಅದು ಬಹಳ ದುರ್ಬಲ, ಯಾರನ್ನೂ ಸೋಲಿಸುವಂಥದ್ದಲ್ಲ. ಆದರೆ ‘ಜಿಪ್ಸಿ’ ಎಂಬ ಹೆಸರಿನಿಂದ ಕರೆಸಿಕೊಂಡು ಯೂರೋಪಿನಲ್ಲಿ ಶತಮಾನಗಳಿಂದ ಅವಮಾನ ತಿಂದವರು ರೋಮಾ ಜನ. ಅವರ ನುಡಿಯ ಬೇರು ನಮ್ಮ ಉತ್ತರ ಭಾರತದಲ್ಲಿದೆ ಎಂದು ಭಾಷಾವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ. ಹೊರನಾಡಿನಲ್ಲಿ ಬದುಕುವ ನಮಗೆ ಇದು ಬೇಗ ಅರ್ಥವಾಗಬೇಕು. ಇಲ್ಲಿ ದಕ್ಷಿಣದವರನ್ನೆಲ್ಲ ಸಾರಾಸಗಟಾಗಿ ಒಂದೇ ಹೆಸರಿನಿಂದ ಕರೆದಾಗ ನಮಗೆ ಎಷ್ಟು ಚುಚ್ಚುತ್ತದೆ! ಆಡಲು ಬಂದವರ ಮರ್ಯಾದೆ ಮೇಜಿನ ಮೇಲೆ ಕಳೆಯಬಾರದು.

ಇಷ್ಟು ಹೇಳಿದ ಮೇಲೆ ನಾಲ್ಕು ಬುದ್ಧಿಮಾತು.

ಕೂರುವ ಮೊದಲು ಐದು ನಿಮಿಷ ಮಾತಾಡಿ. ನನ್ನ ಡೆಕ್ಕು ಎಷ್ಟು ವೇಗ, ಯಾವ ಕಾರ್ಡಿದೆ, ಹೇಗೆ ಗೆಲ್ಲುತ್ತದೆ ಎಂದು ಬಾಯಿಬಿಟ್ಟು ಹೇಳಿ. ಮುಚ್ಚಿಟ್ಟು ಗೆದ್ದವರಿಗೆ ಎರಡನೆಯ ಆಟಕ್ಕೆ ಜೊತೆ ಸಿಗುವುದಿಲ್ಲ.

ತಿಂಗಳ ಕೊನೆಗೆ ಬಾಡಿಗೆ ಕಟ್ಟಲು ಬೇಕಾಗುವ ಹಣವನ್ನು ಕಾರ್ಡಿಗೆ ಹಾಕಬೇಡಿ. ಬೆಲೆ ಏರುತ್ತದೆಂದು ಕೊಳ್ಳುವುದಾದರೆ ಅದು ವ್ಯಾಪಾರ, ನಷ್ಟದ ಹೊಣೆಯೂ ನಿಮ್ಮದೇ. ಆಡಲು ಕೊಂಡರೆ, ಆಡಿದ ಸಂಜೆಗಳಲ್ಲೇ ಬೆಲೆ ತೀರಿತು ಎಂದುಕೊಳ್ಳಿ.

ಪಟ್ಟಿ ಹೇಳುವ ಮೊದಲೇ ನಿಮ್ಮ ಕಣ್ಣಿಗೆ ಕಾಣುವುದನ್ನು ಕಾಣಿರಿ. ನೀವೊಂದು ಕಾರ್ಡು ಇಳಿಸಿದ ಕೂಡಲೇ ಉಳಿದ ಮೂವರು ಫೋನು ತೆಗೆದುಕೊಂಡರೆ, ಅದು ನಿಯಮದಲ್ಲಿ ಸರಿಯಿದ್ದರೂ ಡೆಕ್ಕಿನಿಂದ ತೆಗೆದಿಡಿ. ಯಾರೂ ಹೇಳದೆ ತಾನಾಗಿ ಬಿಟ್ಟುಕೊಡುವುದನ್ನು ಕಲಿತವರು ಆಫೀಸಿನಲ್ಲೂ ಮನೆಯಲ್ಲೂ ಚೆನ್ನಾಗಿ ಬಾಳುತ್ತಾರೆ. ಮೀಟಿಂಗಿನಲ್ಲಿ ಎಲ್ಲರ ಸರದಿಯನ್ನೂ ತಾವೇ ತಿನ್ನುವವರನ್ನು ನೀವು ದಿನಾ ನೋಡುತ್ತೀರಲ್ಲವೇ?

ಕೊನೆಯದು, ಗೆಲ್ಲಬೇಡಿ ಎಂದು ನಾನು ಹೇಳುವುದಿಲ್ಲ. ಮನಸ್ಸಿಟ್ಟು ಆಡಿ, ಗೆಲ್ಲಲೆಂದೇ ಆಡಿ. ಆದರೆ ನಾಲ್ವರಲ್ಲಿ ಗೆಲ್ಲುವುದು ಒಬ್ಬರು, ಸೋಲುವುದು ಮೂವರು. ಆ ಮೂವರಿಗೆ ಸೋಲಿನಲ್ಲೂ ಆಡಿದ ತೃಪ್ತಿ ಸಿಗದಿದ್ದರೆ ಮೇಜು ಎರಡು ತಿಂಗಳು ಬಾಳುವುದಿಲ್ಲ. ಮುಂದಿನ ಭಾನುವಾರ ಹೊಸಬರು ಯಾರಾದರೂ ಬಂದರೆ, ನಿಮ್ಮಲ್ಲಿರುವ ಎರಡನೆಯ ಡೆಕ್ಕನ್ನು ಅವರ ಕೈಗೆ ಕೊಟ್ಟು, ಮೊದಲ ಸರದಿಯನ್ನೂ ಅವರಿಗೇ ಬಿಡಿ. ಅಲ್ಲಿಂದ ಶುರು ಮಾಡಿ.