ಡೆಂಗೀ ಜ್ವರ: ಪರೀಕ್ಷಾರ್ಥಿಗಳಿಗೊಂದು ಟಿಪ್ಪಣಿ

ನಾಲ್ಕು ಪ್ರಭೇದಗಳುಳ್ಳ ವೈರಾಣುವಿನಿಂದ ಉತ್ಪನ್ನವಾಗಿ, ಹಗಲಿನಲ್ಲಿ ಕಚ್ಚುವ ಈಡಿಸ್ ಹೆಣ್ಣುಸೊಳ್ಳೆಯಿಂದ ಹರಡುವ ಡೆಂಗೀ ಜ್ವರವನ್ನು ಕರ್ನಾಟಕ ಸರ್ಕಾರವು 2024ರಲ್ಲಿ ಸಾಂಕ್ರಾಮಿಕ ರೋಗವೆಂದು ಘೋಷಿಸಿತೆಂಬುದನ್ನೂ, ಮೇ 16 ರಾಷ್ಟ್ರೀಯ ಡೆಂಗೀ ದಿನವೆಂಬುದನ್ನೂ ಸ್ಮರಣೆಯಲ್ಲಿಡತಕ್ಕದ್ದು. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಮನೆಗಳಲ್ಲಿ ಹಿತ್ತಿಲ ತೊಟ್ಟಿ, ಡ್ರಮ್ಮು, ದನಗಳ ಬಾನಿ, ಬಿಸುಟ ಎಳನೀರ ಬುರುಡೆ ಇವುಗಳಲ್ಲಿ ನಿಂತ ನೀರೇ ಆ ಸೊಳ್ಳೆಯ ಜನ್ಮಸ್ಥಾನ. ಅಂಚಿಗಂಟಿದ ಮೊಟ್ಟೆಯು ಒಣಗಿಯೂ ತಿಂಗಳುಗಟ್ಟಲೆ ಜೀವಿಸಬಲ್ಲುದಾದುದರಿಂದ ನೀರು ಚೆಲ್ಲಿದರೆ ಸಾಲದು, ವಾರಕ್ಕೊಮ್ಮೆ ಒಳಮೈಯನ್ನು ಉಜ್ಜಿ ತೊಳೆಯಲೇಬೇಕು. ಥಟ್ಟನೆ ಏರುವ ಜ್ವರ, ಕಣ್ಣುಗುಡ್ಡೆಯ ಹಿಂದಣ ನೋವು, ಕೀಲುನೋವು, ಗಂಧೆ ಡೆಂಗೀಯ ಲಕ್ಷಣಗಳು. ರೋಗಪತ್ತೆಗೆ ಜ್ವರದ ಮೊದಲ 5 ದಿನಗಳಲ್ಲಿ ಎನ್‌ಎಸ್‌1, ಅನಂತರ ಐಜಿಎಂ ರಕ್ತಪರೀಕ್ಷೆ. ಜ್ವರವಿಳಿದೊಡನೆ ಮನೆಯವರು ನಿಶ್ಚಿಂತರಾಗುವುದೇ ಅತ್ಯಂತ ಶೋಚನೀಯ, ಏಕೆಂದರೆ ನಿಜವಾದ ಅಪಾಯಕಾಲವು ಆಗಲೇ ಆರಂಭವಾಗಬಹುದು. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನ ರಕ್ತಸ್ರಾವ ಕಂಡರೆ ತಡಮಾಡದೆ ಆಸ್ಪತ್ರೆಗೆ ಸೇರಿಸಿರಿ. ಆಸ್ಪಿರಿನ್, ಐಬುಪ್ರೊಫೆನ್ ಗುಳಿಗೆಗಳನ್ನು ಕೊಡದಿರಿ.