ಇಂದಿನ ಧಮ್ಮ ಚಿಂತನೆ: ಮೀಟರಿನ ಅಂಕಿ ಮತ್ತು ನಾಲ್ಕನೆಯ ಶೀಲ

 

ಯಮಕನಮರಡಿಯ ಹೆದ್ದಾರಿ ಬದಿಯ ಗ್ಯಾರೇಜಿನಲ್ಲಿ ದುಡಿಯುವ ನಮ್ಮ ಬಳಗದ ತರುಣನೊಬ್ಬ ಭಾನುವಾರ ವಂದನೆ ಮುಗಿದ ಮೇಲೆ ಕೇಳಿದ: "ಅಣ್ಣಾರ, ಒಂದು ಕಾರಿನ ಮೀಟರ್ ಪೂರಾ ಹೋಗೇತ್ರಿ. ಗುಜರಿಯಿಂದ ಬ್ಯಾರೆ ಮೀಟರ್ ತಂದೇನಿ. ಹಳೇದ್ರಾಗ 1,42,000 ಇತ್ತು, ಇದರಾಗ 61,000 ಐತಿ. ಲ್ಯಾಪ್‌ಟಾಪ್ ಹಚ್ಚಿ ನಂಬರ್ ಬದಲ ಮಾಡಿದ್ರ ಶೀಲ ಮುರೀತೈತೇನ್ರಿ?"

ಈಗಿನ ಮೀಟರಿನಲ್ಲಿ ಅಂಕಿ ಇರುವುದು ಒಳಗಿನ ಸಣ್ಣ ಚಿಪ್ಪಿನಲ್ಲಿ. ಅದನ್ನು ಓದಿ ಹೊಸದಕ್ಕೆ ಬರೆಯಬಹುದು. ಚಿಪ್ಪೇ ಸುಟ್ಟಿದ್ದರೆ ಕೊನೆಯ ಸರ್ವಿಸ್ ಬಿಲ್ ನೋಡಬೇಕು. ಕೆಲವು ಗಾಡಿಗಳಲ್ಲಿ ಎಂಜಿನ್ ಕಂಪ್ಯೂಟರಿನಲ್ಲೂ ಲೆಕ್ಕ ಉಳಿದಿರುತ್ತದೆ. ನಿಜ ಬರೆಯುವುದೂ ಸುಳ್ಳು ಬರೆಯುವುದೂ ಅದೇ ಲ್ಯಾಪ್‌ಟಾಪಿನಿಂದಲೇ.

ಮುಸಾವಾದಕ್ಕೆ ಅಟ್ಠಕಥೆಗಳು ನಾಲ್ಕು ಅಂಗ ಹೇಳುತ್ತವೆ: ಸಂಗತಿ ಸುಳ್ಳಾಗಿರಬೇಕು, ಮೋಸದ ಮನಸ್ಸಿರಬೇಕು, ಅದಕ್ಕೆ ತಕ್ಕ ಪ್ರಯತ್ನವಾಗಬೇಕು, ಎದುರಿನವರಿಗೆ ಅದು ಮುಟ್ಟಬೇಕು. ಆ ಗಾಡಿ ಓಡಿದ್ದು 1,42,000. ಅದನ್ನೇ ಬರೆದರೆ ಮೊದಲ ಅಂಗವೇ ಇಲ್ಲ. ಬದಲಿಗೆ, ಏನನ್ನೂ ಮುಟ್ಟದೆ 61,000 ಹಾಗೇ ಬಿಟ್ಟು, ಕೊಳ್ಳಲು ಬಂದವನಿಗೆ "ನೀವ ನೋಡ್ರಿ" ಎಂದು ಬೆರಳು ತೋರಿಸಿದರೆ? ಬಾಯಿ ಸುಳ್ಳಾಡಿಲ್ಲ, ಬೆರಳು ಆಡಿದೆ. ಪ್ರಯತ್ನ ಕಾಯದಿಂದಲೂ ಆಗುತ್ತದೆ. ತರುಣ ಹೆದರಿದ್ದು ಬದಲಿಸಲು. ಹೆದರಬೇಕಾದದ್ದು ಬದಲಿಸದೆ ಬಿಡಲು!

ಬ್ರಹ್ಮಜಾಲ ಸುತ್ತದಲ್ಲಿ ತೂಕದ ಮೋಸದ ಜೊತೆಗೆ ಮಾನಕೂಟ, ಅಂದರೆ ಅಳತೆಯ ಮೋಸವನ್ನೂ ಬಿಡಬೇಕಾದವುಗಳಲ್ಲಿ ಹೆಸರಿಸಲಾಗಿದೆ. ಆಗಿನದು ಧಾನ್ಯದ ಅಳತೆ, ಈಗಿನದು ಕಿಲೋಮೀಟರ್.

ಮಾತು ಅಲ್ಲಿಗೇ ಮುಗಿಯಲಿಲ್ಲ. ಗಾಡಿ ಮಾಲೀಕ ಮಾರುವ ಯೋಚನೆಯಲ್ಲಿದ್ದ. "ಹೆಂಗೂ ಬಿಚ್ಚೀರಿ, ಎಂಬತ್ತು ಸಾವಿರ ಮಾಡ್ರಿ, ಎರಡು ಸಾವಿರ ಹೆಚ್ಚಿಗಿ ತಗೋರಿ" ಎಂದನಂತೆ. ದಿನಗೂಲಿಯವನಿಗೆ ಎರಡು ಸಾವಿರ ಸಣ್ಣದಲ್ಲ, ಇದನ್ನು ನಾವು ಹಗುರವಾಗಿ ಕಾಣಬಾರದು. ಆದರೆ ಬೆಲ್ಟ್ ಇರುವ ಎಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟನ್ನು ಕಿಲೋಮೀಟರ್ ನೋಡಿಯೇ ಬದಲಿಸುತ್ತಾರೆ. ಸುಳ್ಳು ಅಂಕಿ ನಂಬಿದವನ ಬೆಲ್ಟ್ ಹೆದ್ದಾರಿ ನಡುವೆ ಹರಿದರೆ ಎಂಜಿನ್ನೇ ಹಾಳಾದೀತು, ಗಾಡಿಯಲ್ಲಿ ಮಕ್ಕಳಿರಬಹುದು. ಅವನು ಹೆಚ್ಚಿಗೆ ಕೊಟ್ಟ ಹಣವೂ ಕೊಡದೆ ತೆಗೆದುಕೊಂಡದ್ದೇ, ಎರಡನೆಯ ಶೀಲವೂ ಹೋಯಿತು. ಮನುಷ್ಯ ಮನುಷ್ಯರ ನಡುವಿನ ಸರಿಯಾದ ಸಂಬಂಧವೇ ಧಮ್ಮ ಎಂದು ಬಾಬಾಸಾಹೇಬರು ವಿವರಿಸಿದ್ದು ಇಂಥ ಕಡೆ ಕಣ್ಣಿಗೆ ಕಾಣುತ್ತದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಕಳ್ಳತನ ಮಾಡೆನು, ಸುಳ್ಳಾಡೆನು ಎಂಬವು ಎರಡೂ ಇವೆ.

ಅಮೆರಿಕದ ಕಾನೂನಿನಲ್ಲಿ ಒಂದು ಒಳ್ಳೆಯ ರೂಢಿ ಇದೆ. ಮೀಟರ್ ಬದಲಿಸಿದಾಗ ಹಳೆಯ ಅಂಕಿಯನ್ನೇ ಇಡಬೇಕು. ಆಗದಿದ್ದರೆ ಸೊನ್ನೆ ಇಟ್ಟು, ಹಳೆಯ ಅಂಕಿ ಮತ್ತು ಬದಲಿಸಿದ ದಿನಾಂಕ ಬರೆದ ಚೀಟಿಯನ್ನು ಎಡಬಾಗಿಲ ಚೌಕಟ್ಟಿಗೆ ಅಂಟಿಸಬೇಕು.

ನಮ್ಮ ತರುಣ 1,42,000 ಬರೆದ. ಬಿಲ್ಲಿನಲ್ಲೂ ಹಳೆಯ ಅಂಕಿ, ಹೊಸ ಅಂಕಿ, ತಾರೀಖು ನಮೂದಿಸಿ ಮಾಲೀಕನ ಸಹಿ ಪಡೆದ. ಗ್ಯಾರೇಜಿನ ಯಜಮಾನರು ಎರಡು ದಿನ ಮಾತಾಡಲಿಲ್ಲವಂತೆ. ಮೂರನೆಯ ದಿನ ಇನ್ನೊಂದು ಕೆಟ್ಟ ಮೀಟರ್ ಬಂತು. ಅದನ್ನೂ ಅವನ ಕೈಗೇ ಕೊಟ್ಟರು.

ಭವತು ಸಬ್ಬ ಮಂಗಲಂ. ಜೈ ಭೀಮ್.